ಎಮ್ಮೆಗಳಿಗೆ ಕಾಸ್ನಿ ಬಿತ್ತಿದ್ದು

ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದಾಗ, ನಾನು ಸ್ವಂತ ಕೈಯಿಂದ ಬೆಳೆಸಿದ್ದು ಅಂತ ತೋರಿಸಲಿಕ್ಕೆ ಇದ್ದದ್ದು ಒಂದೇ ಒಂದು ಮನಿಪ್ಲಾಂಟ್. ಅದೂ ಕಲಬುರಗಿಯ ಗಾಜಿಪುರ ಬಡಾವಣೆಯ ನನ್ನ ಮನೆಯ ಬಚ್ಚಲ ಕಿಟಕಿಯಲ್ಲಿ, ಉಪ್ಪಿನಕಾಯಿಯ ಹಳೆಯ ಬಾಟಲಿಯೊಳಗೆ. ಬೇರಿನ ಉದ್ದಸೀಳು, ಅಡ್ಡಸೀಳು, ಎಲೆಯ ಒಳಗಿನ ಕೋಶಗಳು, ಇವನ್ನೆಲ್ಲ ನಾನು ನಿದ್ದೆಗಣ್ಣಿನಲ್ಲಿಯೂ ಬೋರ್ಡಿನ ಮೇಲೆ ಬಿಡಿಸಬಲ್ಲೆ. ಆದರೆ ಮೊಳಕಾಲೆತ್ತರದ ಪೈರಿನ ಮುಂದೆ ನಿಲ್ಲಿಸಿ ಇದು ಜೋಳವೋ ಮೆಕ್ಕೆಜೋಳವೋ ಅಂತ ಯಾರಾದರೂ ಕೇಳಿದರೆ ನನಗೆ ಕೆಮ್ಮು ಬರುತ್ತಿತ್ತು.

ಇಂಥವಳು ನಿವೃತ್ತಿಯ ಶಾಲು ಮಡಚಿಟ್ಟ ಮೂರನೇ ದಿನವೇ ಅಣ್ಣನಿಗೆ ಒಕ್ಕಲುತನ ಕಲಿಸಲಿಕ್ಕೆ ಕಮಲಾಪುರದ ಬಸ್ಸು ಹತ್ತಿದೆ.

ಅಣ್ಣನದು ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ. ಜೊತೆಗೆ ಮೂರು ಎಮ್ಮೆ, ಒಂದು ಆಕಳು, ಹನ್ನೊಂದು ಆಡು. ಈ ದನಕರುಗಳ ಬಗ್ಗೆ ಬಂದವರಿಗೆ ವಿವರಿಸಿ ಹೇಳುವವನು ಅಣ್ಣ. ಮೇಯಿಸುವುದು, ತೊಳೆಯುವುದು, ಹಿಂಡುವುದು ಅವನ ಹೆಂಡತಿ, ನನ್ನ ವೈನಿ. ವೈನಿ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಮಾತು ಕಡಿಮೆ. ನಾನು ಮಾತಾಡುವಾಗ ಅವಳು ಏನಾದರೂ ಕೆಲಸ ಮಾಡುತ್ತಲೇ ಇರುತ್ತಾಳಾದ್ದರಿಂದ, ಒಪ್ಪಿದಳೋ ಇಲ್ಲವೋ ತಿಳಿಯುವುದಿಲ್ಲ. ನಾನು ಒಪ್ಪಿದಳು ಅಂತಲೇ ಬರೆದುಕೊಳ್ಳುತ್ತಿದ್ದೆ.

ತೋಟದ ಪಕ್ಕಕ್ಕೆ ಗುಡ್ಡದ ಕಡೆ ಏರುವ ಒಂದೂವರೆ ಎಕರೆ ಕೆಂಪು ನೆಲ ಬೀಳು ಬಿದ್ದಿತ್ತು. ದನಗಳು ದಿನವೂ ಅಲ್ಲಿಗೆ ಹೋಗಿ, ಮುಳ್ಳುಕಂಟಿಗಳ ನಡುವೆ ಸುತ್ತಾಡಿ, ಹೋದಷ್ಟೇ ಹಸಿದುಕೊಂಡು ವಾಪಸು ಬರುತ್ತಿದ್ದವು. ಅದನ್ನು ನೋಡಿ ನನಗೆ ಒಂದು ವಿಚಾರ ಹೊಳೆಯಿತು. ಹೊರದೇಶಗಳಲ್ಲಿ ಮೇವಿನ ಹೊಲಗಳಲ್ಲಿ ಹುಲ್ಲಿನ ಜೊತೆಗೆ ಚಿಕೋರಿ ಬಿತ್ತುತ್ತಾರೆಂದು ಓದಿದ್ದೆ. ಒಮ್ಮೆ ಬಿತ್ತಿದರೆ ಕೆಲವು ವರ್ಷ ಬದುಕುವ ಗಿಡ. ಗಜ್ಜರಿಯಂತೆ ಆಳಕ್ಕೆ ಇಳಿಯುವ ಬೇರು. ಮೇಲಿನ ಮಣ್ಣು ಒಣಗಿದರೂ ಎಲೆ ಹಸಿರಾಗಿಯೇ ಇರುತ್ತದೆ. ಹುಲ್ಲು, ಒಂದು ದ್ವಿದಳದ ಗಿಡ, ನಡುನಡುವೆ ಚಿಕೋರಿ: ಮೂರೂ ಬೆರೆತ ಹುಲ್ಲುಗಾವಲು. ಒಂದು ಹಾಳೆಯ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಇಡೀ ಹೊಲವನ್ನು ಬಿಡಿಸಿ ಅಣ್ಣನ ಮುಂದೆ ಹಾಸಿದೆ.

ಅಣ್ಣ ಹಾಳೆಯನ್ನು ಎರಡೂ ಕಡೆ ತಿರುಗಿಸಿ ನೋಡಿದ. "ಚಿಕೋರಿ ಅಂದ್ರ ಕಾಫೀಪುಡಿಯಾಗ ಬೆರಸ್ತಾರಲ್ಲ, ಅದೇ ಏನವಾ?"

"ಹೌದಣ್ಣಾ, ಆದ್ರ ಅದು ಬೇರಿಂದು. ನಮಗ ಬೇಕಾಗಿದ್ದು ಎಲಿ."

"ಎಮ್ಮಿಗಿ ಕಾಫೀ ಚಟ ಹಚ್ಚಿದ್ರ ನಾಳಿ ಸಕ್ರೀನೂ ಕೇಳ್ತಾವ ನೋಡು," ಅಂದ. ಆದರೆ ಮರುದಿನವೇ ಊರಿಗೆಲ್ಲ ತನ್ನ ತಂಗಿ ಹೊಸ ಮೇವು ಕಂಡುಹಿಡಿದಿದ್ದಾಳೆ ಅಂತ ಹೇಳಿಕೊಂಡು ಬಂದ.

ಬೀಜ ಎಲ್ಲಿ ಸಿಗುತ್ತದೆ ಅನ್ನುವುದು ಮಾತ್ರ ಹಾಳೆಯ ಮೇಲೆ ಇರಲಿಲ್ಲ. ಕಲಬುರಗಿಯ ಬೀಜದ ಅಂಗಡಿಗಳಲ್ಲಿ ಕೇಳಿದರೆ, ಕಾಫಿ ಬೇಕಾದರೆ ಕಿರಾಣಿ ಅಂಗಡಿಗೆ ಹೋಗಿ ಅಂದರು. ಸೋತು ಮನೆಗೆ ಬಂದು, ಗೋಡೆಯಾಚೆಯ ಮನೆಯ ಖಾಲಾನ ಎದುರು ಗೋಳು ಹೇಳಿಕೊಂಡೆ. ಖಾಲಾ ಎಪ್ಪತ್ತು ದಾಟಿದ ಹಿರಿಯಳು, ಮನೆಯಲ್ಲಿ ದಖನಿ ಉರ್ದು, ನನ್ನೊಡನೆ ದಖನಿ ಬೆರೆತ ಕನ್ನಡ. ನನ್ನ ಮೊಬೈಲಿನಲ್ಲಿದ್ದ ಚಿಕೋರಿಯ ನೀಲಿ ಹೂವಿನ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ ಗಟ್ಟಿಯಾಗಿ ನಕ್ಕಳು.

"ಅರೆ ಬೇಟಿ, ಇದು ಕಾಸ್ನಿ! ನಮ್ಮ ಹಕೀಮ ಸಾಬ್ರು ಲಿವರಿಗೆ ಇದರದೇ ಬೀಜ ಕೊಡ್ತಿದ್ರಲ್ಲ. ಸೂಪರ್ ಮಾರ್ಕೆಟ್‌ನಾಗ ಜಡೀಬೂಟಿ ಅಂಗಡಿಗೆ ಹೋಗು. ಮೂವತ್ತು ವರ್ಷ ಏನು ಕಲಿಸ್ದಿ ನೀನು?"

ಸೂಪರ್ ಮಾರ್ಕೆಟ್‌ ಅನ್ನುವ ನಮ್ಮ ಪೇಟೆಯಲ್ಲಿ ಬಂಗಾರದ ಅಂಗಡಿ, ಬಟ್ಟೆ ಅಂಗಡಿಗಳ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಆ ಗಿಡಮೂಲಿಕೆ ಅಂಗಡಿಯ ಮುಂದೆ ಅದೆಷ್ಟು ಸಲ ಹಾದುಹೋಗಿದ್ದೆನೋ! ಅಂಗಡಿಯವನು ಡಬ್ಬಿ ಇಳಿಸಿ, "ಐವತ್ತು ಗ್ರಾಂ ಕಟ್ಟಲೇನ್ರೀ?" ಅಂದ.

"ಮೂರು ಕೆಜಿ."

ಅವನ ಕೈ ನಿಂತಿತು. ಮುಖದಲ್ಲಿ ನಿಜವಾದ ಕಳವಳ ಕಂಡಿತು. "ಮನ್ಯಾಗ ಎಷ್ಟ್ ಮಂದಿಗ್ರೀ ಬಾಯಾರ, ಲಿವರ್ ಖರಾಬ್ ಆಗಿದ್ದು?"

"ಮೂರು ಎಮ್ಮಿ, ಒಂದು ಆಕಳ, ಹನ್ನೊಂದು ಆಡ," ಅಂದೆ. ಅವನು ಡಬ್ಬಿಯನ್ನೇ ಬೋರಲು ಹಾಕಿ ತೂಗಿ ಕಟ್ಟಿ ಕೊಟ್ಟ.

ಔಷಧಿಯ ಬೀಜ ಎಷ್ಟು ಹಳೆಯದೋ ಏನೋ ಅಂತ, ನೂರು ಕಾಳು ಎಣಿಸಿ, ಹಸಿ ಟವೆಲ್ಲಿನಲ್ಲಿ ಸುತ್ತಿ ಅಡುಗೆಮನೆಯಲ್ಲಿಟ್ಟೆ. ಐದನೇ ದಿನಕ್ಕೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮೊಳೆತಿದ್ದವು. ಬಿಳಿ ದಾರದಂಥ ಆ ಬೇರುಗಳನ್ನು ನೋಡಿ ನನಗೆ ಅಳು ಬಂದಂತಾಯಿತು. ಅಷ್ಟು ವರ್ಷ ಪ್ರಯೋಗಾಲಯದಲ್ಲಿ ಮಕ್ಕಳ ಕೈಯಲ್ಲಿ ಬೀಜ ಮೊಳೆಸಿದ್ದೆ. ಮೊಳೆತದ್ದನ್ನೆಲ್ಲ ಅಂಕ ಕೊಟ್ಟು ಕಸದ ಬುಟ್ಟಿಗೆ ಹಾಕಿದ್ದೆ. ನೆಲಕ್ಕೆ ಹಾಕುವ ಮೊಳಕೆ ನೋಡಿದ್ದು ಅದೇ ಮೊದಲು.

ಮಳೆಗಾಲ ಮುಗಿದು ಹವೆ ತಂಪಾಗುವ ಹೊತ್ತಿಗೆ ಬಿತ್ತನೆ. ಅಣ್ಣ ತೊಗರಿ ಬಿತ್ತುವ ಹಾಗೆ ಕೂರಿಗೆ ಹೂಡಲಿಕ್ಕೆ ನಿಂತಿದ್ದ. ಕಾಸ್ನಿಯ ಬೀಜ ಚಿಕ್ಕದು, ಆಳಕ್ಕೆ ಹೋದರೆ ಮೇಲೇಳುವುದಿಲ್ಲ ಅಂತ ನಾನು ಮುಕ್ಕಾಲು ತಾಸು ಭಾಷಣ ಮಾಡಿದೆ. ಅಷ್ಟರಲ್ಲಿ ವೈನಿ ಕಾಸ್ನಿ, ಹುಲ್ಲು, ಕುದುರೆಮೆಂತ್ಯ ಮೂರರ ಬೀಜಕ್ಕೂ ಒಣ ಉಸುಕು ಬೆರೆಸಿ, ಸೆರಗಿನಲ್ಲಿ ಹಾಕಿಕೊಂಡು ಅರ್ಧ ಹೊಲ ಚೆಲ್ಲಿ ಮುಗಿಸಿದ್ದಳು. ಹಿಂದಿನಿಂದ ಒಂದು ಜಾಲಿಯ ಟೊಂಗೆ ಎಳೆದು ಮೇಲೆ ಮೇಲೆ ಮಣ್ಣು ಮುಚ್ಚಿದಳು. ನನ್ನ ಭಾಷಣದ ಕೊನೆಯ ಭಾಗ ಅದೇ ಆಗಿತ್ತು. ಹೇಳುವ ಪ್ರಸಂಗ ಬರಲಿಲ್ಲ.

ಬಾಳೆತೋಟದ ಬಾವಿಯಿಂದ ಆಗಾಗ ನೀರು ಬಿಟ್ಟೆವು. ಎರಡು ತಿಂಗಳಿಗೆ ಕಾಸ್ನಿ ಮೂಲಂಗಿಯ ಎಲೆಯಂತೆ ಅಗಲವಾಗಿ ನೆಲದ ಮೇಲೆ ಹರಡಿಕೊಂಡಿತು. ನಡುವೆ ಅಂಜನ ಹುಲ್ಲು, ಅಲ್ಲಲ್ಲಿ ದ್ವಿದಳದ ಕುದುರೆಮೆಂತ್ಯ. ಹಾಳೆಯ ಮೇಲಿನ ಬಣ್ಣಕ್ಕಿಂತ ಚಂದ ಕಾಣುತ್ತಿತ್ತು. ಇಡೀ ಹೊಲಕ್ಕೆ ದನ ಬಿಡಬಾರದು, ಒಂದು ಪಟ್ಟಿ ಮೇಯಿಸಿ ಉಳಿದ ಪಟ್ಟಿಗಳನ್ನು ಚಿಗುರಲಿಕ್ಕೆ ಬಿಡಬೇಕು ಅಂತ ನಾಲ್ಕು ಪಾಲು ಮಾಡಿ ಗೂಟ ಬಡಿದು ಹಗ್ಗ ಕಟ್ಟಿದೆ. ಹಗ್ಗದ ಅರ್ಥ ಆಕಳಿಗೆ ತಿಳಿಯಿತು. ಆಡುಗಳಿಗೆ ತಿಳಿಯಲಿಲ್ಲ. ಹಿರಿಯ ಎಮ್ಮೆಗೆ ತಿಳಿದೂ, ಅದು ಕೊಂಬಿನಿಂದ ಹಗ್ಗ ಎತ್ತಿ, ಒಳಗೆ ಹೋಗಿ, ಉಳಿದವಕ್ಕೆ ದಾರಿ ಮಾಡಿಕೊಡುತ್ತಿತ್ತು. ಅಣ್ಣ ಇದನ್ನೆಲ್ಲ ಕಟ್ಟೆಯ ಮೇಲೆ ಕೂತು ನೋಡುತ್ತ, "ತಿನ್ಲಿ ಬಿಡವಾ, ವೈಜ್ಞಾನಿಕ ಮೇವು ಅದ," ಅನ್ನುತ್ತಿದ್ದ. ಅವು ಮುಂಜಾನೆಯಿಂದ ಸಂಜೆ ಹಿಂಡುವ ಹೊತ್ತಿನವರೆಗೆ ಹುಲ್ಲು ಬಿಟ್ಟು ಬರೀ ಕಾಸ್ನಿಯನ್ನೇ ಹುಡುಕಿ ಹುಡುಕಿ ತಿಂದವು. ಒಂದು ವಾರಕ್ಕೆ ಮೈಗೆ ಹೊಳಪು ಬಂತು, ಹಾಲೂ ಏರಿತು.

ಆಮೇಲೆ ಸ್ಟೇಶನ್ ಬಜಾರಿನಿಂದ ಹೋಟೆಲ್ ಮಾಲಕರ ಫೋನು ಬಂತು.

ಅಣ್ಣ ದಿನವೂ ಹಿಂದಿನ ಸಂಜೆಯ ಹಾಲು, ಆ ಮುಂಜಾನೆಯ ಹಾಲು ಎರಡನ್ನೂ ಕ್ಯಾನಿಗೆ ಸುರಿದು ಮೊದಲ ಬಸ್ಸಿಗೆ ಕಲಬುರಗಿಗೆ ತರುತ್ತಿದ್ದ. ಒಂದು ಕ್ಯಾನು ಸ್ಟೇಶನ್ ಬಜಾರಿನ ಆ ಹೋಟೆಲಿಗೆ, ಇನ್ನೊಂದು ಗಾಜಿಪುರದಲ್ಲಿ ನಮ್ಮ ಓಣಿಯ ಮನೆಗಳಿಗೆ.

"ಬಾಯಾರ, ನಿಮ್ಮ ಅಣ್ಣಾರು ಹಾಲಿನ್ಯಾಗ ಬೇವಿನ ರಸ ಹಿಂಡ್ಯಾರೇನ್ರೀ?" ಅಂದರು ಮಾಲಕರು. "ರೈಲು ಇಳದು ಬಂದವ್ರು ಚಹಾ ಕುಡದು, ಇದು ದವಾಖಾನಿ ಏನು ಅಂತ ಕೇಳಾಕತ್ತಾರ."

ನಾನೂ ಮನೆಯಲ್ಲಿ ಚಹಾ ಮಾಡಿ ಕುಡಿದು ನೋಡಿದೆ. ನಾಲಿಗೆಯ ತುದಿಗೆ ಏನೂ ಇಲ್ಲ, ನುಂಗಿದ ಮೇಲೆ ಗಂಟಲಲ್ಲಿ ಕಹಿ ಕೂರುತ್ತಿತ್ತು. ವಿಜ್ಞಾನಿಯಂತೆ ಒಂದೊಂದೇ ಕಾರಣ ಹುಡುಕುತ್ತ ಹೋದೆ. ಕ್ಯಾನು ಕಾರಣ ಅಂದೆ, ಕ್ಯಾನು ಬದಲಾಯಿಸಿದರು. ಬಾವಿಯ ನೀರು ಅಂದೆ, ಬೋರಿನ ನೀರು ಕುಡಿಸಿದರು. ಚಹಾಪುಡಿ ಅಂದೆ, ಮಾಲಕರು ಫೋನು ಇಟ್ಟುಬಿಟ್ಟರು. ನನ್ನ ಕಾಸ್ನಿಯ ಮೇಲೆ ಮಾತ್ರ ನನಗೆ ಅನುಮಾನ ಬರಲಿಲ್ಲ. ನಾನೇ ಹೆತ್ತ ಮಗು ಅಲ್ಲವೇ! ಕೊನೆಗೆ ಕಾಸ್ನಿಯ ಎಲೆಯನ್ನೇ ಒಮ್ಮೆ ಅಗಿದು ನೋಡಿದಾಗ ಗೊತ್ತಾಯಿತು. ಅದೇ ಕಹಿ.

ಹೋಟೆಲು ಹಾಲು ನಿಲ್ಲಿಸಿತು. ಓಣಿಯವರೂ ನಿಲ್ಲಿಸುತ್ತಾರೆ ಅಂತ ಕಾಯುತ್ತ, ಏನು ಹೇಳಿ ಕ್ಷಮೆ ಕೇಳಬೇಕು ಅಂತ ಯೋಚಿಸುತ್ತಿದ್ದೆ. ಆಗ ಬಾಗಿಲಿಗೆ ಬಂದವರು ಎದುರುಮನೆಯ ಇಂಜಿನಿಯರರು. ಅವರು ರಸ್ತೆ ಮಾಡಿಸಿ ನಿವೃತ್ತರಾದವರು. ಈಗ ದಿನಾ ಮುಂಜಾನೆ ಹತ್ತು ಹನ್ನೆರಡು ಮಂದಿಯನ್ನು ಕಟ್ಟಿಕೊಂಡು ವಾಕಿಂಗ್ ಹೋಗಿ, ಆರೋಗ್ಯದ ಬಗ್ಗೆ ಅಪ್ಪಣೆ ಕೊಡುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ.

"ಹಾಲು ಯಾಕ ಕಹಿ ಅದ ಮೇಡಂ?" ಅಂದರು.

ಸುಳ್ಳು ಹೇಳಲು ಬಾರದೆ ಇದ್ದದ್ದನ್ನು ಹೇಳಿದೆ. ಎಮ್ಮೆಗಳು ಕಾಸ್ನಿ ತಿಂದಿವೆ, ಅದರ ಕಹಿ ಹಾಲಿಗೆ ಇಳಿದಿದೆ ಅಂದೆ. ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದ ಖಾಲಾ, "ಕಾಸ್ನಿ ಲಿವರಿಗೆ ಭಾಳ ಛಲೋ," ಅಂತ ತನ್ನದೂ ಒಂದು ಮಾತು ಸೇರಿಸಿದಳು.

ಇಂಜಿನಿಯರರ ಕಣ್ಣು ಅಗಲವಾದವು. ಸಂಜೆಯೊಳಗೆ ವಾಕಿಂಗ್ ಮಂದಿಯ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹರಡಿತು: ಕಮಲಾಪುರದ ಕಾಸ್ನಿ ಹಾಲು, ಶುಗರಿಗೆ ರಾಮಬಾಣ, ಸಸ್ಯಶಾಸ್ತ್ರದ ಪ್ರೊಫೆಸರ್ ಸ್ವತಃ ತಯಾರಿಸಿದ್ದು. ಮಾರನೆಯ ಮುಂಜಾನೆ ನನ್ನ ಬಾಗಿಲ ಮುಂದೆ ತಂಬಿಗೆ, ಸ್ಟೀಲ್ ಡಬ್ಬಿ, ನೀರಿನ ಬಾಟಲಿ ಹಿಡಿದ ಜನ ನಿಂತಿದ್ದರು. ನಾನು ಮೆಟ್ಟಿಲ ಮೇಲೆ ನಿಂತು ಕೈಮುಗಿದು ಹೇಳಿದೆ, "ಇದು ಔಷಧ ಅಲ್ರೀ. ನಮ್ಮ ತಪ್ಪಿನಿಂದ ಹಾಲು ಕೆಟ್ಟದ. ಡಾಕ್ಟರ್ ಕೊಟ್ಟ ಗುಳಿಗಿ ಯಾರೂ ಬಿಡಬ್ಯಾಡ್ರಿ."

ಹಿಂದಿನಿಂದ ಯಾರೋ, "ಮೇಡಂದು ದೊಡ್ಡ ಗುಣ, ತಮ್ಮದು ಅಂತ ಹೇಳ್ಕೊಳ್ಳಂಗಿಲ್ಲ," ಅಂದರು. ಇಡೀ ಮೂವತ್ತೊಂದು ವರ್ಷ ತರಗತಿಯಲ್ಲಿ ನಾನು ಹೇಳಿದ್ದನ್ನು ಯಾರೂ ಇಷ್ಟು ಶ್ರದ್ಧೆಯಿಂದ ಕೇಳಿರಲಿಲ್ಲ. ಇಷ್ಟು ಶ್ರದ್ಧೆಯಿಂದ ತಪ್ಪು ತಿಳಿದುಕೊಂಡಿರಲೂ ಇಲ್ಲ.

ಅಣ್ಣನಿಗೆ ಮಾತ್ರ ಇದು ಸ್ವರ್ಗ. ಕ್ಯಾನು ಇಳಿಸಿ, ಎದೆ ಮುಂದೆ ಮಾಡಿ, ಆಳದ ಬೇರು ಭೂಮಿಯ ಸತ್ವ ಹೀರಿ ಎಮ್ಮೆಯ ಮೂಲಕ ಮನುಷ್ಯನಿಗೆ ಹೇಗೆ ಬರುತ್ತದೆ ಅಂತ ವಿವರಿಸುತ್ತಿದ್ದ. ನಾನು ಸುಮ್ಮನಿರು ಅಂತ ಸನ್ನೆ ಮಾಡಿದರೆ, "ನೀನೇ ಹೇಳಿದ್ದಲ್ಲವಾ," ಅನ್ನುತ್ತಿದ್ದ. ಬೇರಿನವರೆಗೆ ಹೇಳಿದ್ದು ನಾನೇ. ಅಲ್ಲಿಂದ ಮುಂದಿನದು ಅವನದು.

ಹೀಗೆ ಹತ್ತು ಹನ್ನೆರಡು ದಿನ ನಡೆಯಿತು. ಒಂದು ಮುಂಜಾನೆ ಇಂಜಿನಿಯರರು ವಾಕಿಂಗ್ ಹಾದಿಯಲ್ಲೇ ತಲೆ ಸುತ್ತಿ ಕುಸಿದು ಕೂತರು. ಅವರನ್ನು ಆಟೋದಲ್ಲಿ ದವಾಖಾನೆಗೆ ಒಯ್ದರು. ಸುದ್ದಿ ಕೇಳಿ ಅವರ ಮನೆಗೆ ಓಡಿದೆ. ಬಾಗಿಲು ಬೀಗ ಹಾಕಿತ್ತು. ಅವರ ಮೆಟ್ಟಿಲ ಮೇಲೆಯೇ ಕೂತು ಕಾದೆ. ಜೀವಕ್ಕೆ ಏನಾದರೂ ಆದರೆ ಆ ಮನುಷ್ಯನ ಹೆಂಡತಿಗೆ ನಾನು ಮುಖ ಹೇಗೆ ತೋರಿಸಲಿ? ಎಮ್ಮೆ ತಿಂದಿತು ಅನ್ನಲೇ? ಅಣ್ಣ ಹೇಳಿದ ಅನ್ನಲೇ?

ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಆಟೋದಿಂದ ಇಳಿದರು. ಇಂಜಿನಿಯರರು ನಡೆದುಕೊಂಡೇ ಒಳಗೆ ಹೋದರು. ಹೆಂಡತಿ ನನ್ನನ್ನು ನೋಡಿ ಹಣೆ ಹಣೆ ಬಡಿದುಕೊಂಡಳು.

"ಗುಳಿಗಿ ಬಿಟ್ಟಾರಕ್ಕಾ, ನನಗೂ ಹೇಳ್ದಂಗ. ಹೋಗ್ಲಿ, ಆ ಹಾಲರ ಸುಮ್ನ ಕುಡದಾರೇನು? ಕಹಿ ಆಗ್ತದಂತ ಲೋಟಕ್ಕ ಎರಡೆರಡು ಚಮಚ ಸಕ್ರಿ ಹಾಕ್ಕೊಂಡು ಕುಡದಾರ! ಡಾಕ್ಟರ್ರು ಬೈದ ಬೈಗಳ ಇಡೀ ವಾರ್ಡಿಗೆ ಕೇಳಿಸ್ಯಾದ."

ಒಳಗಿನಿಂದ ಅವರ ದನಿ ಬಂತು: "ಡೋಸ್ ಸಾಲಿಲ್ಲ. ಅರ್ಧ ಲೀಟರ್ ಕುಡೀಬೇಕಾಗಿತ್ತು."

ಅವತ್ತೇ ಮಧ್ಯಾಹ್ನದ ಬಸ್ಸಿಗೆ ಕಮಲಾಪುರಕ್ಕೆ ಹೋದೆ. ಅಣ್ಣ ಊರೊಳಗೆ ಹೋಗಿದ್ದ. ವೈನಿ ಕೊಟ್ಟಿಗೆಯಲ್ಲಿದ್ದಳು. ಕಾಸ್ನಿಯನ್ನು ಬೇರುಸಹಿತ ಕಿತ್ತುಹಾಕೋಣ, ನನ್ನಿಂದ ದೊಡ್ಡ ತಪ್ಪಾಯಿತು ಅಂದೆ. ಹೇಳುತ್ತ ಹೇಳುತ್ತ ಅತ್ತೇ ಬಿಟ್ಟೆ. ವೈನಿ ಸಗಣಿಯ ಕೈ ತೊಳೆದುಕೊಂಡು ಬಂದು, ಒಳಗಿನಿಂದ ಎರಡು ಲೋಟ ತಂದು ನನ್ನ ಮುಂದಿಟ್ಟಳು. ಎರಡರಲ್ಲಿಯೂ ಹಾಲು.

"ಕುಡದು ನೋಡ್ರಿ."

ಮೊದಲನೆಯದು ಕಹಿ. ಎರಡನೆಯದರಲ್ಲಿ ಕಹಿಯ ಸುಳಿವೂ ಇರಲಿಲ್ಲ. ಗಟ್ಟಿ, ಸಿಹಿ ಎಮ್ಮೆ ಹಾಲು.

"ಇದು ಬ್ಯಾರೆ ಎಮ್ಮೀದೇನು?"

"ಅದೇ ಎಮ್ಮೀದು. ಮೊದಲಿಂದು ನಿನ್ನೆ ಸಂಜೀದು, ಇದು ಇವತ್ತು ಮುಂಜಾನೀದು. ಒಂದು ವಾರದಿಂದ ಬ್ಯಾರೆ ಬ್ಯಾರೆ ಇಟ್ಟು ನೋಡಾಕತ್ತೀನಿ. ಅವು ಹಗಲೆಲ್ಲ ಕಾಸ್ನಿ ತಿಂದು ಬಂದ ಕೂಡ್ಲೆ ಹಿಂಡಿದ್ರ ಕಹಿ. ಇರಳು ಒಣಮೇವು ತಿಂದು ಮುಂಜಾನಿ ಹಿಂಡಿದ್ರ ಕಹಿ ಇರಂಗಿಲ್ಲ. ನಿಮ್ಮ ಅಣ್ಣಾರು ಎರಡೂ ಕೂಡಿಸಿ ಒಯ್ತಿದ್ರು."

"ಮತ್ತ ಹೇಳಬಾರದಾಗಿತ್ತೇನು ವೈನಿ?"

"ಹೇಳಾಕ ಬಂದಾಗೆಲ್ಲ ನೀವು ಹೇಳಾಕತ್ತಿದ್ರಿ," ಅಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಮರುದಿನದಿಂದ ಅವಳ ನಿಯಮ ಶುರುವಾಯಿತು. ಮುಂಜಾನೆ ಹಿಂಡಿದ ಮೇಲೆ ಎರಡು ತಾಸು ಮಾತ್ರ ಕಾಸ್ನಿ ಪಟ್ಟಿ. ಆಮೇಲೆ ಸಂಜೆಯವರೆಗೆ ಬರೀ ಹುಲ್ಲು. ಹಿರಿಯ ಎಮ್ಮೆಯ ಕೊರಳಿಗೆ ಒಂದು ಕಟ್ಟಿಗೆ ಇಳಿಬಿಟ್ಟಳು. ಹಗ್ಗ ಎತ್ತಲು ಬಗ್ಗಿದರೆ ಅದು ಮೊಣಕಾಲಿಗೆ ಬಡಿಯುತ್ತಿತ್ತು. ನಾಲ್ಕು ದಿನಕ್ಕೆ ಎರಡೂ ಹೊತ್ತಿನ ಹಾಲು ಸಿಹಿಯಾಯಿತು. ಹೋಟೆಲ್ ಮಾಲಕರು ಒಂದು ಲೋಟ ಕುಡಿದು, ಮೀಸೆ ಒರೆಸಿಕೊಂಡು, "ಈಗ ಹಾಲು ಅಂದ್ರ ಹಾಲು ನೋಡ್ರಿ," ಅಂದು ಮತ್ತೆ ಕ್ಯಾನು ತೆಗೆದುಕೊಂಡರು.

ಗಾಜಿಪುರದಲ್ಲಿ ಮಾತ್ರ ಗದ್ದಲ ಎದ್ದಿತು.

ಹಾಲಿನಲ್ಲಿ ಕಹಿ ಇಲ್ಲ ಅಂದಮೇಲೆ ಕಲಬೆರಕೆ ನಡೆದಿದೆ ಅಂತ ವಾಕಿಂಗ್ ಮಂದಿ ತೀರ್ಮಾನಿಸಿದರು. ಮೊದಲು ಅಸಲಿ ಕೊಟ್ಟು ರೂಢಿ ಮಾಡಿಸಿ, ಆಮೇಲೆ ಸಾದಾ ಹಾಲು ಹಾಕುತ್ತಿದ್ದಾರೆ ಅಂದರು. ಇಂಜಿನಿಯರರು ಚೇತರಿಸಿಕೊಂಡು, ಗುಳಿಗೆಯನ್ನೂ ನುಂಗಿ, ಎಲ್ಲರ ಮುಂದೆ ನಿಂತು ಕೇಳಿದರು, "ಇದರ ಗುಣ ಎಲ್ಲಿ ಹೋತು ಮೇಡಂ?" ಹಾಲು ಚೆನ್ನಾಗಿದೆ ಅನ್ನುವುದನ್ನು ಒಂದು ಆರೋಪವಾಗಿ ನಾನು ಕೇಳಿದ್ದು ಅದೇ ಮೊದಲು.

ಅಣ್ಣ ಮೆಲ್ಲಗೆ ನನ್ನ ಕಿವಿಯಲ್ಲಿ, "ಇವ್ರಿಗಿಷ್ಟು ಸಂಜೀ ಹಾಲು ಬ್ಯಾರೆ ತಂದು ಕೊಡೋಣೇನು?" ಅಂದ. ನಾನು ಅವನನ್ನು ನೋಡಿದ ರೀತಿಗೆ ಅವನು ಕ್ಯಾನು ಎತ್ತಿಕೊಂಡು ಬಸ್ಸಿಗೆ ನಡೆದ.

ಮಾರನೆಯ ದಿನ ಕ್ಯಾನಿನ ಜೊತೆ ವೈನಿಯೇ ಬಂದಳು. ತಲೆಯ ಮೇಲೆ ಒಂದು ಗೋಣಿಚೀಲ. ಬಾಗಿಲ ಮುಂದೆ ನೆರೆದವರ ನಡುವೆ ಚೀಲ ಬಿಚ್ಚಿ ಸುರಿದಳು. ಇಬ್ಬನಿ ಆರದ ಕಾಸ್ನಿ ಎಲೆ.

"ನಮ್ಮ ಎಮ್ಮಿ ತಿಂದಿದ್ದು ಇದೇ ನೋಡ್ರಿ," ಅಂದಳು. "ಕಹಿ ಬೇಕಾದವ್ರು ತಗೊಂಡು ಹೋಗಿ ತಿನ್ರಿ. ಎಷ್ಟ ಬೇಕಾದ್ರೂ ಅದ, ದಿನಾ ತರ್ತೀನಿ. ಹಾಲು ಬೇಕಾದವ್ರು ತಂಬಿಗಿ ಹಿಡೀರಿ."

ಒಬ್ಬರು ಧೈರ್ಯ ಮಾಡಿ ಎಲೆಯ ತುದಿ ಕಡಿದರು. ಅವರ ಮುಖ ಹುಳಿ, ಖಾರ, ಕಹಿ ಎಲ್ಲ ದಾಟಿ ಎಲ್ಲಿಗೋ ಹೋಗಿ ಬಂತು. ಉಳಿದವರು ತಂಬಿಗೆ ಮುಂದೆ ಮಾಡಿದರು. ಇಂಜಿನಿಯರರು ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಗಂಭೀರವಾಗಿ, "ಎಮ್ಮಿಯೊಳಗ ಪ್ರಾಸೆಸ್ ಆಗದೆ ಇದರ ಸತ್ವ ಬರಂಗಿಲ್ಲ," ಅಂದು ಕೆಳಗಿಟ್ಟರು. ಅವರ ಹೆಂಡತಿ ಅದನ್ನು ಎತ್ತಿ, "ಮಧ್ಯಾಹ್ನ ಪಲ್ಯಾ ಮಾಡ್ತೀನಿ, ತಿಂತಾರ," ಅಂತ ಸೆರಗಿನಲ್ಲಿ ಕಟ್ಟಿಕೊಂಡಳು. ಇನ್ನೊಂದು ಹಿಡಿ ಖಾಲಾ ಒಯ್ದಳು. ಉಳಿದದ್ದನ್ನು ಓಣಿಯ ಆಡು ತಿಂದಿತು. ವಾಟ್ಸಾಪ್ ಗುಂಪು ಮಾರನೆಯ ವಾರ ಬೇರೊಂದು ಬೀಜ ನೆನೆಸಿ ಕುಡಿಯುವ ವಿಚಾರಕ್ಕೆ ಹೋಯಿತು.

ಆ ಬೇಸಿಗೆಯಲ್ಲಿ ಕಮಲಾಪುರದ ಗುಡ್ಡವೆಲ್ಲ ಕಂದಾಗಿ ನಿಂತಾಗ ನಮ್ಮ ಪಟ್ಟಿಗಳಲ್ಲಿ ಹುಲ್ಲು ಒಣಗಿದರೂ ಕಾಸ್ನಿ ಅಲ್ಲಲ್ಲಿ ಹಸಿರು ಹಿಡಿದುಕೊಂಡೇ ಇತ್ತು. ನಾವು ಮೇಯಿಸಲು ಮರೆತ ಒಂದು ಮೂಲೆಯಲ್ಲಿ ಅದು ಎದೆಯೆತ್ತರಕ್ಕೆ ಏರಿ ನೀಲಿ ಹೂ ಬಿಟ್ಟಿತು. ಹಾಗೆ ದಂಟು ಏರಿದರೆ ದನ ಮುಟ್ಟುವುದಿಲ್ಲ, ಬೀಜಕ್ಕೆ ಮಾತ್ರ ಬರುತ್ತದೆ. ವೈನಿ ಆ ಬೀಜವನ್ನು ಬಡಿದು, ತೂರಿ, ಪಕ್ಕದ ಹೊಲದ ಹೆಣ್ಣುಮಕ್ಕಳಿಗೆ ಬಟ್ಟೆಯ ಗಂಟಿನಲ್ಲಿ ಕಟ್ಟಿ ಕೊಟ್ಟಳು. ಎಷ್ಟು ಉಸುಕು ಬೆರೆಸಬೇಕು, ಎಷ್ಟು ತಾಸು ಮೇಯಿಸಬೇಕು ಅಂತ ಅವರು ಕೇಳುತ್ತಿದ್ದರು. ಅವಳು ಒಂದೊಂದೇ ಮಾತಿನಲ್ಲಿ ಹೇಳುತ್ತಿದ್ದಳು. ನಾನು ಕಟ್ಟೆಯ ಮೇಲೆ ಅಣ್ಣನ ಪಕ್ಕದಲ್ಲಿ ಕೂತಿದ್ದೆ. ನಾಲ್ಕು ಸಲ ನಡುವೆ ಮಾತಾಡಬೇಕು ಅನ್ನಿಸಿತು. ಮೂರು ಸಲ ತಡೆದುಕೊಂಡೆ.